ಅಲೋಶಿಯಸ್ ಚಾಪೆಲ್ ಚಿತ್ರಗಳು: ಫ್ರೆಸ್ಕೊನಾ, ಎಣ್ಣೆ ಬಣ್ಣಾನಾ?

ಸಾಗರದ ಮಗಳು
ಎಲ್ಲರಿಗೂ ನಮಸ್ಕಾರ. ನನ್ನ ತವರು ಸಾಗರ. ಮದುವೆಯಾಗಿ ಮಂಗಳೂರಿಗೆ ಬಂದು ಹನ್ನೊಂದು ವರ್ಷ ಆಯಿತು, ಈಗ ಕದ್ರಿಯಲ್ಲಿದ್ದೇವೆ. ಮುಂದಿನ ವಾರ ಅಪ್ಪ ಬರುತ್ತಿದ್ದಾರೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಫೋನಿನಲ್ಲಿ ಮೊಮ್ಮಗನನ್ನು ವಿಚಾರಿಸುವ ಮೊದಲೇ "ಆ ಅಲೋಶಿಯಸ್ ಚಾಪೆಲ್ ಒಂದು ತೋರಿಸಿಬಿಡು" ಅಂದರು.

ಸಂತ ಅಲೋಶಿಯಸ್ ಕಾಲೇಜಿನ ಆ ಪ್ರಾರ್ಥನಾ ಮಂದಿರದ ಒಳಗೆ ನಾನು ಹೋಗಿರುವುದು ಎರಡೇ ಸಲ. ಎರಡೂ ಸಲ ನೆಂಟರ ಜೊತೆ, ಹತ್ತು ನಿಮಿಷ. ಅಪ್ಪನ ಜೊತೆ ಹಾಗೆ ಹೋಗಿ ಬಂದರೆ ಆಗುವುದಿಲ್ಲ, ಅವರು ಪ್ರಶ್ನೆ ಕೇಳುತ್ತಾರೆ. ನಮ್ಮ ಮನೆಯಲ್ಲಿ ಈಗಾಗಲೇ ವಾದ ಶುರುವಾಗಿದೆ. ಎಲ್ಲವೂ ಫ್ರೆಸ್ಕೊ (ಹಸಿ ಗಾರೆಯ ಮೇಲಿನ ಚಿತ್ರ), ಸೊಪ್ಪು ಹೂವಿನ ಬಣ್ಣದಲ್ಲಿ ಬರೆದದ್ದು ಅಂತ ನಮ್ಮವರು. ಎಲ್ಲವೂ ಎಣ್ಣೆ ಬಣ್ಣ ಅಂತ ಭಾವ. ಯಾರು ಹೇಳುವುದು ಸರಿ? ಅಪ್ಪನಿಗೆ ಕುತ್ತಿಗೆ ನೋವು ಬೇರೆ ಇದೆ. ಜಾಸ್ತಿ ಹೊತ್ತು ತಲೆ ಎತ್ತಿ ನೋಡಲು ಆಗುವುದಿಲ್ಲ. ಎಲ್ಲಿ ನಿಂತು ಏನು ನೋಡಬೇಕು ಅಂತ ಗೊತ್ತಿದ್ದವರು ಹೇಳಿ.

ಬಾವುಟಗುಡ್ಡೆ ಹಳೆ ವಿದ್ಯಾರ್ಥಿ
ಇಬ್ಬರೂ ಅರ್ಧ ಸರಿ. ಗೋಡೆಯ ಮೇಲಿನದು ಫ್ರೆಸ್ಕೊ. ಚಾವಣಿಯದು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ.

ಚಾಪೆಲ್ ಕಟ್ಟಿದ್ದು 1884ರಲ್ಲಿ. ಕಾಲೇಜು ಶುರುವಾಗಿದ್ದು ಅದಕ್ಕೆ ನಾಲ್ಕು ವರ್ಷ ಮೊದಲು, 1880ರಲ್ಲಿ. ಜೆಸ್ವಿಟ್ ಎನ್ನುವ ಕ್ರೈಸ್ತ ಸನ್ಯಾಸಿ ಸಭೆಯ ಇಟಲಿಯ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ಕ್ಕೆ. ಚಿತ್ರಗಳು ಬಂದದ್ದು ಮಾತ್ರ ತಡವಾಗಿ. 1899ರಿಂದ 1901ರವರೆಗೆ ಬ್ರದರ್ ಅಂತೋನಿಯೊ ಮೊಸ್ಚೆನಿ ಕೂತು ಬರೆದದ್ದು. ಅಂದರೆ ಹದಿನೈದು ವರ್ಷ ಆ ಗೋಡೆಗಳು ಖಾಲಿಯೇ ಇದ್ದವು. ಈಗ ಅಲ್ಲಿ ಕೂತು ಅದನ್ನು ಕಲ್ಪಿಸಿಕೊಳ್ಳಲು ನನಗೆ ಆಗುವುದೇ ಇಲ್ಲ.

ಕೊಡಿಯಾಲ್ಗಾರ್
ಹೆಸರು ಮೊಸ್ಕೇನಿ. ಇಟಲಿ ಭಾಷೆಯಲ್ಲಿ ಆ ಅಕ್ಷರಕ್ಕೆ ಕಕಾರವೇ ಬರುವುದು. ನಮ್ಮ ಊರಿಗೆ ಇಷ್ಟು ಕೊಟ್ಟು ಹೋದ ಮನುಷ್ಯನ ಹೆಸರನ್ನಾದರೂ ಸರಿಯಾಗಿ ಹೇಳೋಣ ಮಾರಾಯ್ರೇ.

ಅವರು ಹುಟ್ಟಿದ್ದು 1854ರಲ್ಲಿ, ಬೆರ್ಗಾಮೊ ಪಟ್ಟಣದ ಹತ್ತಿರ ಸ್ತೆತ್ಸಾನೊ ಎನ್ನುವ ಊರಲ್ಲಿ. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವರು. 1889ರಲ್ಲಿ ಜೆಸ್ವಿಟ್ ಸಭೆಗೆ ಸೇರಿದರು. ಪಾದ್ರಿ ಆಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಪೂಜೆ ಕೊಡುವ ಅಧಿಕಾರ ಇಲ್ಲದ ಮನುಷ್ಯ, ಪೂಜೆ ನಡೆಯುವ ಜಾಗದ ಗೋಡೆ ತುಂಬ ಬರೆದು ಹೋದರು. ನಾನು ಪ್ರತಿ ಸಲ ಒಳಗೆ ಹೋದಾಗ ಮೊದಲು ಅವರಿಗೇ ಒಂದು ಪ್ರಾರ್ಥನೆ ಹೇಳುವುದು.

ಬಾವುಟಗುಡ್ಡೆ ಹಳೆ ವಿದ್ಯಾರ್ಥಿ
ಮೊಸ್ಕೇನಿ. ತಿದ್ದಿಕೊಂಡೆ, ಥ್ಯಾಂಕ್ಸ್.

ಸುರತ್ಕಲ್ ಸೈಕಲ್
ಭಾರತದ ಸಿಸ್ಟೀನ್ ಚಾಪೆಲ್ ಅಂತ ಸುಮ್ನೆ ಕರೆಯುತ್ತಾರಾ? ನೋಡಲೇಬೇಕು.

ಮಣಿಪಾಲದ ಕುಂಚ
ಆ ಮಾತು ನನಗೆ ಸ್ವಲ್ಪವೂ ಇಷ್ಟ ಇಲ್ಲ. ರೋಮಿನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲಾಂಜೆಲೊ 1508ರಿಂದ 1512ರವರೆಗೆ ಬರೆದದ್ದು ಚಾವಣಿಯ ಹಸಿ ಗಾರೆಯ ಮೇಲೆ. ಇಲ್ಲಿ ಚಾವಣಿಯಲ್ಲಿ ಇರುವುದು ಕ್ಯಾನ್ವಾಸ್. ಕೆಲಸದ ರೀತಿಯೇ ಬೇರೆ. ನಾಲ್ಕು ಶತಮಾನದ ಅಂತರ, ಮನಸ್ಸಿನ ಭಾವವೂ ಬೇರೆ. ಅಲ್ಲಿಯ ದೇಹಗಳಲ್ಲಿ ಬಿರುಗಾಳಿ ಇದೆ. ಮೊಸ್ಕೇನಿಯ ಮುಖಗಳಲ್ಲಿ ಶಾಂತಿ ಇದೆ. ಹೋಲಿಕೆ ಮಾಡಿದ ಕೂಡಲೇ ನಾವು ಇಲ್ಲಿ ಇರುವುದನ್ನು ನೋಡುವುದು ಬಿಟ್ಟು ಅಲ್ಲಿ ಇರುವುದನ್ನು ಹುಡುಕುತ್ತೇವೆ.

ಇನ್ನು ಸೊಪ್ಪು ಹೂವಿನ ಬಣ್ಣದ ಮಾತು. ಇದನ್ನು ಬಹಳ ಜನ ಹೇಳುತ್ತಾರೆ, ತಪ್ಪು. ಹಸಿ ಸುಣ್ಣ ಬಹಳ ಖಾರ. ಸಸ್ಯದ ಬಣ್ಣಗಳನ್ನು ಹೆಚ್ಚಾಗಿ ಕೊಂದುಬಿಡುತ್ತದೆ. ಅರಸಿನಕ್ಕೆ ಸುಣ್ಣ ತಾಗಿಸಿದರೆ ಕೆಂಪಾಗುತ್ತದಲ್ಲ, ಆರತಿಗೆ ಕುರ್ದಿ ನೀರು ಮಾಡುವವರಿಗೆಲ್ಲ ಅದು ಗೊತ್ತು. ಹಾಗಾಗಿ ಫ್ರೆಸ್ಕೊಗೆ ಬೇಕಾದದ್ದು ಮಣ್ಣಿನ ಬಣ್ಣ, ಕಲ್ಲಿನ ಬಣ್ಣ. ಕಾವಿ, ಹಳದಿ ಮಣ್ಣು, ಹಸಿರು ಮಣ್ಣು, ಇಂಥವು. ಇವು ಸುಣ್ಣಕ್ಕೆ ಹೆದರುವುದಿಲ್ಲ.

ಸುರತ್ಕಲ್ ಸೈಕಲ್
ಸರಿ ಸರ್. ಆದರೆ ಹೊರ ಊರಿನ ಜನ ಬರುವುದು ಆ ಒಂದು ಮಾತಿನಿಂದಲೇ ಅಲ್ವಾ? ಹೆಸರು ಕೇಳಿ ಬಂದವರು ನೂರು ಜನ ಇದ್ದರೆ ಅದರಲ್ಲಿ ಐದು ಜನ ಕೂತು ನೋಡುತ್ತಾರೆ. ಆ ಐದು ಜನ ಸಾಕು.

ಮಣಿಪಾಲದ ಕುಂಚ
ಆ ಐದು ಜನರ ಮಾತು ಒಪ್ಪುತ್ತೇನೆ. ಹೆಸರನ್ನು ಒಪ್ಪುವುದಿಲ್ಲ.

ಗಾರೆ ಮೇಸ್ತ್ರಿ ಮಗ
ನಾನು ಕಲೆ ಓದಿದವನಲ್ಲ. ನಮ್ಮ ಅಪ್ಪ ಸುಣ್ಣದ ಸಾರಣೆಯ ಮೇಸ್ತ್ರಿ. ಅಜ್ಜನೂ ಅದೇ. ಫ್ರೆಸ್ಕೊ ಅಂದರೆ ಎಂಥ ಅಂತ ನನಗೆ ಅರ್ಥ ಆದದ್ದು ಅಪ್ಪನ ಕೆಲಸ ನೋಡಿ. ಅದನ್ನು ಬರೆಯುತ್ತೇನೆ.

ನಮ್ಮ ಕಡೆ ಹಿಂದೆ ಸುಣ್ಣ ಅಂದರೆ ಚಿಪ್ಪಿನ ಸುಣ್ಣ. ನೇತ್ರಾವತಿ, ಫಲ್ಗುಣಿ ಅಳಿವೆಯಲ್ಲಿ ಸಿಗುವ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಡುವುದು. ಸುಟ್ಟದ್ದನ್ನು ನೀರಿಗೆ ಹಾಕಿದರೆ ಅದು ಕುದಿಯುತ್ತದೆ, ಅರಳುತ್ತದೆ. ಅದನ್ನು ಹೊಂಡದಲ್ಲಿ ತಿಂಗಳುಗಟ್ಟಲೆ ನೀರಿನಡಿ ಇಟ್ಟಷ್ಟೂ ಬೆಣ್ಣೆಯ ಹಾಗೆ ಆಗುತ್ತದೆ. ಮರಳು ಸೇರಿಸಿ ಗೋಡೆಗೆ ಹಾಕುವುದು ಆಮೇಲೆ. ಹಾಕಿದ ಸಾರಣೆ ಗಾಳಿಯನ್ನು ಕುಡಿದು ಮತ್ತೆ ಕಲ್ಲಾಗುತ್ತದೆ. ಅದು ಕಲ್ಲಾಗುವ ಮೊದಲು, ಇನ್ನೂ ಹಸಿ ಇರುವಾಗ ಬಣ್ಣ ಕೊಟ್ಟರೆ ಬಣ್ಣವೂ ಕಲ್ಲಿನೊಳಗೆ ಸೇರಿಬಿಡುತ್ತದೆ. ಅಂಟು ಬೇಡ, ಎಣ್ಣೆ ಬೇಡ. ಇದೇ ಫ್ರೆಸ್ಕೊ.

ಈಗ ಯೋಚನೆ ಮಾಡಿ. ಹಸಿ ಸಾರಣೆ ಬಣ್ಣ ಹಿಡಿಯುವುದು ಕೆಲವೇ ಗಂಟೆ. ಹಾಗಾಗಿ ಇಡೀ ಗೋಡೆಗೆ ಒಂದೇ ಸಲ ಸಾರಣೆ ಹಾಕುವ ಹಾಗಿಲ್ಲ. ಚಿತ್ರಕಾರ ಆ ದಿನ ಎಷ್ಟು ಬರೆಯುತ್ತಾನೋ ಅಷ್ಟು ಮಾತ್ರ ಬೆಳಿಗ್ಗೆ ಹಾಕಬೇಕು. ಸಂಜೆ ಉಳಿದದ್ದನ್ನು ಕೆರೆದು ತೆಗೆಯಬೇಕು. ಮಾರನೇ ದಿನ ಅದೇ ಅಂಚಿಗೆ ಸೇರಿಸಿ ಹೊಸ ತುಂಡು. ಅಂದರೆ ಮೇಸ್ತ್ರಿಯ ಕೈ ತಪ್ಪಿದರೆ ಚಿತ್ರಕಾರನ ಇಡೀ ದಿನ ಹೋಯಿತು. ಆ ಗೋಡೆಯಲ್ಲಿ ಬಣ್ಣದ ಹಿಂದೆ ಕರಣೆ ಹಿಡಿದ ಕೈಯೂ ಉಂಟು. ಮೊಸ್ಕೇನಿ ಹೆಸರು ಹೇಳುವಾಗ ಅದನ್ನೂ ಒಂದು ಸಲ ನೆನಪಿಸಿಕೊಳ್ಳಿ ಅಂತ ನನ್ನ ಕೋರಿಕೆ.

ಕೊಡಿಯಾಲ್ಗಾರ್
ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ). ಇಷ್ಟು ವರ್ಷ ಆ ಬೆಂಚಿನಲ್ಲಿ ಕೂತಿದ್ದೇನೆ, ಈ ರೀತಿ ಯೋಚನೆ ಮಾಡಿರಲಿಲ್ಲ.

ಸಾಗರದ ಮಗಳು
ಮೇಸ್ತ್ರಿ ಮಗ ಅವರೇ, ನಿಮ್ಮ ಬರಹ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿದರು. ದಿನದ ತುಂಡು ಸೇರುವ ಗೆರೆ ಈಗಲೂ ಕಾಣುತ್ತದಾ ಅಂತ ಕೇಳಿದರು.

ಮಣಿಪಾಲದ ಕುಂಚ
ಫ್ರೆಸ್ಕೊಗಳಲ್ಲಿ ಸಾಮಾನ್ಯವಾಗಿ ಅಂಥ ಗೆರೆಯನ್ನು ಬಟ್ಟೆಯ ಮಡಿಕೆಯಲ್ಲೋ, ಕಂಬದ ಅಂಚಿನಲ್ಲೋ ಅಡಗಿಸುತ್ತಾರೆ. ಬೆಳಕು ಗೋಡೆಗೆ ಓರೆಯಾಗಿ ಬೀಳುವಾಗ ಹತ್ತಿರದಿಂದ ನೋಡಿದರೆ ಸಿಗುತ್ತದೆ. ಮುಟ್ಟಬಾರದು, ಕೈಯ ಬೆವರು ಬಹಳ ಕೆಟ್ಟದ್ದು.

ಬಂದರ್ ಬಿಸ್ಕೂಟ್
ಚರ್ಚ್ ಬಗ್ಗೆ ಚರ್ಚೆ ಅಂದುಕೊಂಡು ಬಂದೆ, ಸಾರಣೆ ಕ್ಲಾಸ್ ನಡೀತಾ ಉಂಟು. ಚೆನ್ನಾಗಿದೆ, ಮುಂದುವರಿಸಿ.

ಜೆಪ್ಪು ಮನೆ
ಒಂದು ತಿದ್ದುಪಡಿ. ಅದು ಚರ್ಚ್ ಅಲ್ಲ, ಚಾಪೆಲ್. ನಮ್ಮಲ್ಲಿ ಇಗರ್ಜಿ (ಚರ್ಚ್) ಅಂದರೆ ಅದಕ್ಕೊಂದು ಫಿರ್ಗಜ್ (ಅದಕ್ಕೆ ಸೇರಿದ ಮನೆಗಳ ವ್ಯಾಪ್ತಿ) ಇರುತ್ತದೆ, ವಾಡೊಗಳಿರುತ್ತವೆ (ವಾರ್ಡ್‌ಗಳು), ಗುರ್ಕಾರ್ (ವಾರ್ಡಿನ ಮುಖಂಡರು) ಇರುತ್ತಾರೆ. ಚಾಪೆಲ್ ಕಾಲೇಜಿನದು. ಬಿಷಪರ ಪೀಠ ಇರುವುದು ರೊಸಾರಿಯೊ ಕೆಥೆಡ್ರಲ್‌ನಲ್ಲಿ. ಹೊರಗಿನವರು ಮೂರನ್ನೂ ಒಂದೇ ಅಂತ ತಿಳಿಯುತ್ತಾರೆ.

ಇನ್ನೊಂದು ಮಾತು. ಮೊಸ್ಕೇನಿ ಬರೆದದ್ದು ಅಲೋಶಿಯಸ್‌ನಲ್ಲಿ ಮಾತ್ರ ಅಲ್ಲ. ನಮ್ಮ ಜೆಪ್ಪುವಿನ ಸಂತ ಜೋಸೆಫ್ ಸೆಮಿನರಿಯ ಚಾಪೆಲ್‌ನಲ್ಲೂ ಅವರ ಕೆಲಸ ಇದೆ. ಅದನ್ನು ಯಾರೂ ಕೇಳುವುದೇ ಇಲ್ಲ.

ಎರ್ನಾಕುಲಂ ಎಕ್ಸ್‌ಪ್ರೆಸ್
ಮುಂಬೈ ಕೊಲಾಬಾದ ಹೋಲಿ ನೇಮ್ ಚರ್ಚಿನಲ್ಲೂ ಇದೆ. ಕೊನೆಯದು ಕೊಚ್ಚಿ ಕೋಟೆಯ ಸಾಂತಾ ಕ್ರೂಸ್ ಬೆಸಿಲಿಕಾ. ನಾನು ಕೆಲಸಕ್ಕೆ ಕೊಚ್ಚಿಯಲ್ಲಿದ್ದಾಗ ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ಮೊಸ್ಕೇನಿ ತೀರಿಕೊಂಡದ್ದು 1905ರ ನವೆಂಬರ್ 15ಕ್ಕೆ, ಅದೇ ಊರಲ್ಲಿ. ಆ ಚರ್ಚಿನ ಪ್ರತಿಷ್ಠೆ ನಡೆದದ್ದು ನವೆಂಬರ್ 19ಕ್ಕೆ. ನಾಲ್ಕು ದಿನ. ತಾನು ಬರೆದ ಚಿತ್ರಗಳ ಕೆಳಗೆ ಮೊದಲ ಹಬ್ಬದ ಪೂಜೆ ನಡೆಯುವುದನ್ನು ಅವರು ನೋಡಲಿಲ್ಲ. ಆಗ ಅವರಿಗೆ 51 ವರ್ಷ. ಮಂಗಳೂರಿನವನು ಪರ ಊರಿನಲ್ಲಿ ಕೂತು ಆ ಚಿತ್ರಗಳನ್ನು ನೋಡುವಾಗ ಮನೆಯವರೇ ಸಿಕ್ಕಿದ ಹಾಗೆ ಆಗುತ್ತಿತ್ತು.

ಹೊಸಬ 2
ನಾವು ಹಿಂದೂಗಳು. ಒಳಗೆ ಹೋಗಬಹುದಾ?

ಜೆಪ್ಪು ಮನೆ
ಧಾರಾಳವಾಗಿ ಬನ್ನಿ. ಪೂಜೆ ನಡೆಯುವಾಗ ಮಾತ್ರ ಅತ್ತಿತ್ತ ಓಡಾಡಬೇಡಿ, ಮೌನವಾಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ.

ಬಾವುಟಗುಡ್ಡೆ ಹಳೆ ವಿದ್ಯಾರ್ಥಿ
ಸಾಗರದವರು ಎಲ್ಲಿ ನಿಂತು ನೋಡಬೇಕು ಅಂತ ಕೇಳಿದ್ದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಹೇಳುತ್ತೇನೆ. ಐದು ವರ್ಷ ಅಲ್ಲಿ ಓದಿದೆ, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಅಲ್ಲೇ ಕೂರುತ್ತಿದ್ದೆ. ನಾನೂ ಹಿಂದೂ. ಯಾರೂ ಒಂದು ದಿನವೂ ಏಳು ಅನ್ನಲಿಲ್ಲ.

ಮೊದಲು ನಡುವಿನ ಚಾವಣಿ. ಅಲ್ಲಿ ಇರುವುದು ಸಂತ ಅಲೋಶಿಯಸ್ ಗೊನ್ಸಾಗಾ ಜೀವನ. ಕಥೆ ಗೊತ್ತಿಲ್ಲದೆ ನೋಡಿದರೆ ಏನೂ ತಿಳಿಯುವುದಿಲ್ಲ, ಹಾಗಾಗಿ ಅಪ್ಪನಿಗೆ ಮೊದಲೇ ಹೇಳಿ. 1568ರಲ್ಲಿ ಇಟಲಿಯ ಒಂದು ದೊಡ್ಡ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದ ಹುಡುಗ. ಸ್ಪೇನ್ ಅರಮನೆಯಲ್ಲಿ ರಾಜಕುಮಾರನ ಜೊತೆ ಬೆಳೆದವನು. ಅಪ್ಪನ ಪಟ್ಟ, ಆಸ್ತಿ ಎಲ್ಲ ತನಗೇ ಬರಬೇಕಿತ್ತು. ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸಭೆಗೆ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ಕಾಯಿಲೆ ಬಂದಾಗ ರೋಗಿಗಳನ್ನು ಎತ್ತಿ ತಂದು ಆರೈಕೆ ಮಾಡಿದ. ಅದೇ ಕಾಯಿಲೆ ತಗಲಿ 1591ರ ಜೂನ್ 21ಕ್ಕೆ ತೀರಿಕೊಂಡ. ವಯಸ್ಸು 23. ನಾನು ಡಿಗ್ರಿ ಮುಗಿಸುವಾಗ ನನಗೆ 21. ಆ ಚಿತ್ರದ ಕೆಳಗೆ ಕೂತು ಆ ಲೆಕ್ಕ ಹಾಕಿದ ದಿನ ನನಗೆ ಇವತ್ತಿಗೂ ನೆನಪಿದೆ.

ಚಾವಣಿಯ ಇಳಿಜಾರಿನಲ್ಲಿ ಯೇಸುವಿನ ಶಿಷ್ಯರು, ಹೂಮಾಲೆ ಹಿಡಿದ ದೇವದೂತರು. ಗೋಡೆಯ ಕಮಾನುಗಳಲ್ಲಿ ಸಂತರು. ಯೇಸುವಿನ ಜೀವನದ ಚಿತ್ರಗಳೂ ಇವೆ: ಜನನ, ಯೊವಾನ್ನನಿಂದ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ಮಕ್ಕಳ ಜೊತೆಗಿನ ಯೇಸು. ಹಿಂದಿನ ಗೋಡೆಯಲ್ಲಿ ಶಿಲುಬೆ. ಒಟ್ಟು ಚಿತ್ರದ ಹರವು 800 ಚದರ ಮೀಟರಿಗೂ ಜಾಸ್ತಿ. ಎಲ್ಲವನ್ನೂ ಒಂದೇ ದಿನ ನೋಡುತ್ತೇನೆ ಅಂತ ಹೋಗಬೇಡಿ.

ಕುತ್ತಿಗೆ ನೋವಿಗೆ ಒಂದು ಉಪಾಯ: ಕೈಗನ್ನಡಿ. ಬೆಂಚಿನಲ್ಲಿ ಕೂತು ಕನ್ನಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಚಾವಣಿ ಕೆಳಗೇ ಸಿಗುತ್ತದೆ. ಸ್ವಲ್ಪ ದೊಡ್ಡ ಕನ್ನಡಿ ತನ್ನಿ.

ಬೆಂಗ್ರೆ ಕಡಲು
1568 ಅಂದಿರಾ? ರೊಸಾರಿಯೊ ಇಗರ್ಜಿ ಶುರುವಾದದ್ದೂ ಅದೇ ವರ್ಷ. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿಕೊಂಡು ಕೂತ ಕಾಲ ಅದು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅಂತ ಇಟಲಿಯ ಪ್ರವಾಸಿಗ ಇಲ್ಲಿಗೆ ಬಂದಿದ್ದ. ಉಳ್ಳಾಲದ ರಾಣಿಯನ್ನೂ ಅವನು ಕಂಡು ಮಾತಾಡಿದ್ದಾನೆ. ರಾಣಿ ಬರಿಗಾಲಿನಲ್ಲಿ ನಡೆದು ಕಾಲುವೆ ಕೆಲಸ ನೋಡಲು ಹೊರಟಿದ್ದಳಂತೆ.

ಈಗಿನ ರೊಸಾರಿಯೊ ಕಟ್ಟಡ 1923ರಲ್ಲಿ ಮುಗಿದದ್ದು. ಅದರ ಗುಮ್ಮಟ ನೋಡಬೇಕು. ನಮ್ಮ ಅಜ್ಜ ಮೀನಿಗೆ ಹೋಗುತ್ತಿದ್ದವರು. ವಾಪಸ್ ಬರುವಾಗ ದೂರದಿಂದ ಊರು ಗುರುತು ಸಿಗುತ್ತಿದ್ದುದು ಆ ಗುಮ್ಮಟದಿಂದ ಅಂತ ಹೇಳುತ್ತಿದ್ದರು. ನಾವು ಮೊಗವೀರರು, ಆದರೂ ದೋಣಿಯಿಂದ ಆ ಕಡೆಗೆ ಕೈ ಮುಗಿಯುತ್ತಿದ್ದರಂತೆ. ಈಗ ಮಧ್ಯೆ ಎಷ್ಟು ಫ್ಲ್ಯಾಟ್ ಎದ್ದಿವೆ ಅಂದರೆ ನನಗೆ ಕಡಲಿನಿಂದ ಹುಡುಕಿದರೂ ಸಿಗುವುದು ಕಷ್ಟ.

ಸಾಗರದ ಮಗಳು
ಮಿಲಾಗ್ರಿಸ್ ಚರ್ಚ್ ಜಾಗವನ್ನು ನಮ್ಮ ಕೆಳದಿ ರಾಣಿ ಚೆನ್ನಮ್ಮಾಜಿ ಕೊಟ್ಟದ್ದು ಅಂತ ಅಪ್ಪ ಹೇಳಿದರು. ಹೌದಾ?

ಕೊಡಿಯಾಲ್ಗಾರ್
ಹೌದು ತಂಗಿ. 1680ರಲ್ಲಿ ಬಿಷಪ್ ತೋಮಾಸ್ ದೆ ಕಾಸ್ತ್ರೊ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದ್ದು, ಕೆಳದಿಯ ರಾಣಿ ಕೊಟ್ಟ ಜಾಗದಲ್ಲಿ. ಆ ಬಿಷಪ್ ಗೋವಾದವರು. ಅವರ ಸಮಾಧಿಯೂ ಅಲ್ಲೇ ಇದೆ. ಹಂಪನಕಟ್ಟೆಯಲ್ಲಿ ದಿನಕ್ಕೆ ಸಾವಿರಾರು ಜನ ಬಸ್ಸಿಗೆ ಓಡುತ್ತಾರೆ, ಪಕ್ಕದಲ್ಲೇ ಸಾಗರದ ಕಡೆಯ ರಾಣಿಯ ದಾನ ಇದೆ ಅಂತ ಎಷ್ಟು ಜನರಿಗೆ ಗೊತ್ತು? ಅಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋಗಿ.

ಪಡೀಲ್ ಪಾಯಿಂಟ್
1784ರಲ್ಲಿ ಟಿಪ್ಪು ಮಿಲಾಗ್ರಿಸ್, ರೊಸಾರಿಯೊ ಎರಡನ್ನೂ ಒಡೆಸಿದ್ದನ್ನು ಯಾಕೆ ಯಾರೂ ಬರೆಯುವುದಿಲ್ಲ?

ಕೊಡಿಯಾಲ್ಗಾರ್
ಬರೆಯಬಾರದು ಅಂತ ಏನಿಲ್ಲ. ನಮ್ಮ ಹಿರಿಯರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವ ಕಥೆ. 1799ರ ನಂತರ ಬದುಕಿ ಉಳಿದವರು ವಾಪಸ್ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಅದೇ ಕಾಲದಲ್ಲಿ ಮೂಡುಬಿದಿರೆ ಹತ್ತಿರದ ಹೊಸಬೆಟ್ಟು ಇಗರ್ಜಿ ಉಳಿಯಿತು, ಚೌಟ ಅರಸರು ಅಡ್ಡ ನಿಂತು ಕಾಪಾಡಿದ್ದರಿಂದ. ನಾನು ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ.

ನಿರ್ವಾಹಕ
ಈ ವಿಷಯ ಬಹಳ ದೊಡ್ಡದು, ಬೇಕಾದವರು ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಚಿತ್ರಗಳ ಕಡೆಗೆ ಬನ್ನಿ.

ಬಂದರ್ ಬಿಸ್ಕೂಟ್
ಅಲೋಶಿಯಸ್ ತನಕ ಹೋದವರು ಕಾಲೇಜಿನ ಮ್ಯೂಸಿಯಂ ಬಿಡಬೇಡಿ. 1906ರ ಡಿ ಡಿಯನ್ ಕಾರು ಅಲ್ಲಿದೆ. ಮೊಮ್ಮಗ ಇದ್ದರೆ ಅದೇ ಸಾಕು.

ಕಟ್ಟಡದ ಹುಚ್ಚ
ನನಗೆ ಕಾಡುವ ಪ್ರಶ್ನೆ ಬೇರೆ. ಈ ಊರಿನ ಮಳೆಗೆ, ಈ ಉಪ್ಪು ಗಾಳಿಗೆ ನೂರಿಪ್ಪತ್ತು ವರ್ಷ ಆ ಬಣ್ಣ ಹೇಗೆ ನಿಂತಿತು? ನಮ್ಮ ಮನೆಯ ಗೋಡೆಯ ಪೇಂಟ್ ಎರಡು ಮಳೆಗಾಲಕ್ಕೆ ಎದ್ದು ಬರುತ್ತದೆ.

ಗಾರೆ ಮೇಸ್ತ್ರಿ ಮಗ
ನಿಮ್ಮ ಗೋಡೆಗೆ ಸಿಮೆಂಟ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಹಾಗಾಗಿ ಪೇಂಟನ್ನು ತಳ್ಳಿಕೊಂಡು ಬರುತ್ತದೆ. ಸುಣ್ಣದ ಸಾರಣೆ ಉಸಿರಾಡುತ್ತದೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸುಣ್ಣವೇ ಇದ್ದರೆ ಎರಡಕ್ಕೂ ಹೊಂದಾಣಿಕೆ. ಹಳೆ ಮುರಕಲ್ಲಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಬಳಿದುಬಿಟ್ಟರೆ ನೀರೆಲ್ಲ ಒಳಗಿನ ಕಡೆಗೆ ತಿರುಗುತ್ತದೆ. ನಾನು ಒಂದು ಹಳೆ ಮನೆಯಲ್ಲಿ ಹಾಗೆ ಆದದ್ದನ್ನು ನೋಡಿದ್ದೇನೆ, ಒಳಗಿನ ಹಳೆ ಹೂಬಳ್ಳಿ ಚಿತ್ರ ಮೂರೇ ವರ್ಷದಲ್ಲಿ ಪುಡಿಯಾಗಿ ಉದುರಿತು. ಮನೆಯವರು ಚಂದ ಆಗಲಿ ಅಂತಲೇ ಮಾಡಿಸಿದ್ದು. ಹೊಟ್ಟೆ ಉರಿಯುತ್ತದೆ.

ಮಣಿಪಾಲದ ಕುಂಚ
ಚಾಪೆಲ್‌ನ ಚಿತ್ರಗಳಿಗೂ ಪೆಟ್ಟು ಆಗಿತ್ತು. 1990ರ ದಶಕದಲ್ಲಿ ಪರಂಪರೆ ಉಳಿಸುವ ಇನ್‌ಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ಪರಿಣತರು ಬಂದು ವರ್ಷಗಟ್ಟಲೆ ಸರಿಪಡಿಸಿದರು. ಅದು ಹೊಸದಾಗಿ ಬಣ್ಣ ಬಳಿಯುವ ಕೆಲಸ ಅಲ್ಲ. ಧೂಳು, ಹೊಗೆ, ಉಪ್ಪು ತೆಗೆದು ಇರುವುದನ್ನು ಉಳಿಸುವ ಕೆಲಸ. ಊರಲ್ಲಿ ಎಷ್ಟೋ ಹಳೆ ದೇವಸ್ಥಾನ, ಬಸದಿ, ಇಗರ್ಜಿಗಳಲ್ಲಿ ಜೀರ್ಣೋದ್ಧಾರ ಅಂದರೆ ಹಳೆಯದನ್ನು ಕಿತ್ತು ಟೈಲ್ಸ್ ಹಾಕುವುದು. ಇಲ್ಲಿ ಹಾಗೆ ಆಗಲಿಲ್ಲ. ಆ ತೀರ್ಮಾನ ಮಾಡಿದವರಿಗೆ ನನ್ನ ನಮಸ್ಕಾರ.

ಪಡೀಲ್ ಪಾಯಿಂಟ್
ಟೈಲ್ಸ್ ಬೇಡ ಅನ್ನುವುದು ಸುಲಭ. ಹೆಂಚಿನ ಮಾಡು ಸೋರುವಾಗ ಪ್ರತಿ ವರ್ಷ ಖರ್ಚು ಹಾಕುವವರು ಯಾರು?

ಕಟ್ಟಡದ ಹುಚ್ಚ
ನಾವೇ ಹಾಕಬೇಕು. ಒಂದು ಹೆಂಚು ಜಾರಿದ್ದನ್ನು ಮೇ ತಿಂಗಳಲ್ಲಿ ಸರಿ ಮಾಡಿದರೆ ಜೂನ್‌ನಲ್ಲಿ ಒಂದು ಗೋಡೆ ಉಳಿಯುತ್ತದೆ.

ಸಾಗರದ ಮಗಳು
ಹೋಗಿ ಬಂದೆವು! ನಿನ್ನೆ ಬೆಳಿಗ್ಗೆ. ಎರಡೂವರೆ ಗಂಟೆ ಇದ್ದೆವು.

ಕನ್ನಡಿ ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡಿತು. ಮನೆಯ ಗೋಡೆಗೆ ಹಾಕಿದ್ದ ಕನ್ನಡಿಯನ್ನೇ ಬಿಚ್ಚಿಕೊಂಡು ಹೋಗಿದ್ದೆ. ಅಪ್ಪ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದು ಚಿತ್ರಕ್ಕೂ ಜಾಗ ಬದಲಿಸುತ್ತಾ ಹೋದರು. ಮಗನೂ ಪಕ್ಕದಲ್ಲಿ ಬಗ್ಗಿ ನೋಡಿದ. ಒಂದು ಕಡೆ ಅಂಚಿನ ಪಟ್ಟಿ ಉಬ್ಬಿದ ಕೆತ್ತನೆ ಅಂತ ನಾನು ಹೇಳಿದೆ. ಅಪ್ಪ ಓರೆಯಾಗಿ ನಿಂತು ನೋಡಿ "ಇಲ್ಲ ಕಣೇ, ನೆರಳನ್ನೂ ಅವನೇ ಬರೆದಿದ್ದಾನೆ" ಅಂದರು. ನೆರಳು ಯಾವ ಕಡೆ ಬಿದ್ದಿದೆ ಅಂತ ಬೆರಳು ತೋರಿಸಿ ಮೊಮ್ಮಗನಿಗೆ ಪಾಠ ಮಾಡಿದರು. ರಿಟೈರ್ ಆದ ಮೇಲೆ ಅವರ ಆ ದನಿ ನಾನು ಕೇಳಿರಲಿಲ್ಲ.

ಆಮೇಲೆ ಗೋಡೆ. ದಿನದ ತುಂಡಿನ ಗೆರೆ ಹುಡುಕಲು ಅರ್ಧ ಗಂಟೆ. ಒಂದು ಬಟ್ಟೆಯ ಮಡಿಕೆಯ ಪಕ್ಕ ಸಣ್ಣ ಏರು ಇದ್ದ ಹಾಗೆ ಕಂಡಿತು. ಅದೇ ಅಂತ ಅಪ್ಪನ ನಂಬಿಕೆ. ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡೇ ನೋಡಿದರು. ವಾಪಸ್ ಬರುವಾಗ ರಿಕ್ಷಾದಲ್ಲಿ ಒಂದು ಪ್ರಶ್ನೆ ಕೇಳಿದರು. ಇದು ಮೇಸ್ತ್ರಿ ಮಗ ಅವರಿಗೆ: ನಿಮ್ಮ ಊರಿನ ಮಳೆಗಾಲದಲ್ಲಿ ಹಸಿ ಸಾರಣೆಯ ಕೆಲಸ ನಡೆಯುತ್ತದಾ?

ಗಾರೆ ಮೇಸ್ತ್ರಿ ಮಗ
ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಜೂನ್, ಜುಲೈಯಲ್ಲಿ ಸಾರಣೆ ವಾರ ಕಳೆದರೂ ಹಸಿಯೇ ಇರುತ್ತದೆ, ಗಟ್ಟಿಯಾಗುವುದಿಲ್ಲ. ಏಪ್ರಿಲ್ ಬಿಸಿಲಿಗೆ ಹಾಕಿದರೆ ಬೇಗ ಒಣಗಿ ಬಿರುಕು ಬಿಡುತ್ತದೆ, ಗೋಣಿ ನೆನೆಸಿ ಹೊದಿಸಬೇಕು. ನಮ್ಮ ಅಪ್ಪ ಒಳ್ಳೆಯ ಕೆಲಸಕ್ಕೆ ಕೈ ಹಾಕುತ್ತಿದ್ದುದು ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ. ಇದನ್ನು ಇಟಲಿಯಿಂದ ಬಂದವರಿಗೆ ಇಲ್ಲಿಯ ಮೇಸ್ತ್ರಿಯೇ ಹೇಳಿಕೊಟ್ಟಿರಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಅಪ್ಪನಿಗೆ ಈಗ 78. ನಿಮ್ಮ ತಂದೆ ಇನ್ನೂ ಊರಲ್ಲಿದ್ದರೆ ಇಬ್ಬರನ್ನೂ ಒಂದು ದಿನ ಅಲ್ಲಿ ಕೂರಿಸೋಣವಾ? ಅಪ್ಪ ಇದುವರೆಗೆ ಆ ಚಾಪೆಲ್ ಒಳಗೆ ಹೋದವರಲ್ಲ.

ಸಾಗರದ ಮಗಳು
ಭಾನುವಾರದ ತನಕ ಇದ್ದಾರೆ. ಶನಿವಾರ ಬೆಳಿಗ್ಗೆ ಕಾಲೇಜಿನ ಗೇಟಿನ ಹತ್ತಿರ ಸಿಗೋಣ. ಕನ್ನಡಿ ನಾನು ತರುತ್ತೇನೆ.

ಜೆಪ್ಪು ಮನೆ
ಮಧ್ಯಾಹ್ನದ ಊಟಕ್ಕೆ ಎಲ್ಲರೂ ನಮ್ಮ ಮನೆಗೆ ಬನ್ನಿ. ಸೆಮಿನರಿ ಚಾಪೆಲ್ ನೋಡಲು ಆಗುತ್ತದಾ ಅಂತ ನಾಳೆಯೇ ಹೋಗಿ ಕೇಳಿ ಬರುತ್ತೇನೆ.